ಸಿಹಿ ತಂಪು ಚಹಾ: ಒಂದು ಪಾನೀಯದ ಚರಿತ್ರೆಯೂ ನಮ್ಮ ನೀಲಗಿರಿಯ ಎಲೆಯೂ

ನಾಡು, ನುಡಿ, ಶಾಸನ, ಗಡಿ ಮುಂತಾದ ವಿಷಯಗಳಿಗೆ ಮೀಸಲಾದ ಸ್ಮರಣ ಸಂಚಿಕೆಯಲ್ಲಿ ಒಂದು ಪಾನೀಯದ ಚರಿತ್ರೆಗೆ ಸ್ಥಳವುಂಟೇ ಎಂದು ಓದುಗರು ಕೇಳಬಹುದು. ಉಂಟೆಂಬುದು ನಮ್ಮ ಅಭಿಪ್ರಾಯ. ನೀಲಗಿರಿಯಲ್ಲಿ ನೆಲೆಸಿದ ಕನ್ನಡಿಗರ ಬದುಕು ಕಳೆದ ಹಲವು ತಲೆಮಾರುಗಳಿಂದ ಚಹಾ ಗಿಡವನ್ನು ನಂಬಿ ನಡೆದು ಬಂದಿದೆ. ನಮ್ಮಲ್ಲಿ ತೋಟವುಳ್ಳವರಿದ್ದಾರೆ, ಕಾರ್ಖಾನೆಯಲ್ಲಿ ದುಡಿದವರಿದ್ದಾರೆ, ಅಂಗಡಿ, ಶಾಲೆ, ಕಚೇರಿಗಳನ್ನು ನೆಚ್ಚಿದವರೂ ಇದ್ದಾರೆ. ಆದರೆ ಹಸಿರೆಲೆಯ ಬೆಲೆ ಇಳಿದ ವರ್ಷ ಅಂಗಡಿಯ ಸಾಲದ ಪುಸ್ತಕವೂ ಶಾಲೆಯ ಶುಲ್ಕದ ಬಾಕಿಯೂ ಒಟ್ಟಿಗೇ ಬೆಳೆಯುತ್ತವೆ ಎಂಬುದನ್ನು ಬಲ್ಲವರು ನಾವೆಲ್ಲರೂ. ಹೀಗಿರುವಾಗ ನಮ್ಮ ಬೆಟ್ಟದ ಎಲೆ ಘಟ್ಟವಿಳಿದು, ಕಡಲು ದಾಟಿ, ಯಾರ ಲೋಟವನ್ನು ಯಾವ ಹೆಸರಿನಲ್ಲಿ ಸೇರುತ್ತದೆ ಎಂಬುದನ್ನು ತಿಳಿಯುವುದು ಕೇವಲ ಕುತೂಹಲದ ಮಾತಲ್ಲ.

ಆ ಲೋಟಗಳಲ್ಲಿ ಒಂದು ಅಮೆರಿಕ ಸಂಯುಕ್ತ ಸಂಸ್ಥಾನದ ತಂಪು ಚಹಾದ ಲೋಟ. ನಮಗೆ ಚಹಾ ಎಂದರೆ ಹಾಲು ಬೆರೆತ, ಹಬೆಯಾಡುವ ಬಿಸಿ ಪಾನೀಯ. ಅಮೆರಿಕದಲ್ಲಿ ಕುಡಿಯುವ ಚಹಾದ ನಾಲ್ಕು ಪಾಲಿನಲ್ಲಿ ಮೂರು ಪಾಲಿನಷ್ಟು ತಂಪಾಗಿಯೇ ಗಂಟಲಿಗಿಳಿಯುತ್ತದೆ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ, ಅಂದರೆ ವರ್ಜೀನಿಯಾ, ಜಾರ್ಜಿಯಾ, ಕರೋಲಿನಾ, ಅಲಬಾಮಾ, ಮಿಸಿಸಿಪ್ಪಿ ಪ್ರಾಂತಗಳಲ್ಲಿ, ಸಕ್ಕರೆಯನ್ನು ಬಿಸಿಯಲ್ಲೇ ಕರಗಿಸಿ, ಮಂಜುಗಡ್ಡೆಯ ಮೇಲೆ ಸುರಿದ ಸಿಹಿ ಚಹಾ ಮನೆಮನೆಯ ಊಟದ ಜೊತೆಗಾರ. ಬಂದ ಅತಿಥಿಗೆ ಮೊದಲು ಕೊಡುವುದೂ ಅದೇ. ದಕ್ಷಿಣ ಕರೋಲಿನಾ ರಾಜ್ಯವು 1995ರಲ್ಲಿ ತನ್ನ ನೆಲದಲ್ಲಿ ಬೆಳೆದ ಚಹಾವನ್ನು ರಾಜ್ಯದ ಅಧಿಕೃತ ಆತಿಥ್ಯ ಪಾನೀಯವೆಂದು ಶಾಸನದ ಮೂಲಕವೇ ಸಾರಿತು. 2003ರ ಏಪ್ರಿಲ್ ಒಂದರಂದು ಜಾರ್ಜಿಯಾದ ಶಾಸನಸಭೆಯಲ್ಲಿ, ತಂಪು ಚಹಾ ಮಾರುವ ಪ್ರತಿಯೊಂದು ಹೋಟೆಲೂ ಸಿಹಿ ಚಹಾವನ್ನು ಇಟ್ಟಿರಲೇಬೇಕೆಂಬ ಮಸೂದೆಯೊಂದು ತಮಾಷೆಗಾಗಿ ಮಂಡನೆಯಾಯಿತು. ತಮಾಷೆಯಾದರೂ ಆ ಪಾನೀಯಕ್ಕೂ ಆ ನಾಡಿನ ಸ್ವಾಭಿಮಾನಕ್ಕೂ ಇರುವ ನಂಟನ್ನು ಅದು ತೋರಿಸುತ್ತದೆ.

ಈ ಪಾನೀಯಕ್ಕೆ ಬೇಕಾದವು ಮೂರು: ಚಹಾ ಎಲೆ, ಸಕ್ಕರೆ, ಮಂಜುಗಡ್ಡೆ. ಇಂದು ಮೂರೂ ಅಡುಗೆಮನೆಯಲ್ಲೇ ದೊರೆಯುತ್ತವೆ. ಇನ್ನೂರು ವರ್ಷಗಳ ಹಿಂದೆ ಅಮೆರಿಕದ ದಕ್ಷಿಣದಲ್ಲಿ ಇವು ಮೂರೂ ಒಂದೇ ಲೋಟದಲ್ಲಿ ಕೂಡುವುದು ಸಿರಿವಂತರಿಗೆ ಮಾತ್ರ ಸಾಧ್ಯವಿತ್ತು. ಎಲೆ ಚೀನಾದಿಂದ ಬರಬೇಕು, ಸಕ್ಕರೆ ಕಬ್ಬಿನ ಸೀಮೆಯಿಂದ ಬರಬೇಕು, ಮಂಜುಗಡ್ಡೆ ಉತ್ತರದ ಕೊಳಗಳಿಂದ ಹಡಗೇರಿ ಬರಬೇಕು. ಈ ಮೂರರ ದಾರಿಯನ್ನು ಹಿಡಿದು ಹೊರಟರೆ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮಂಜುಗಡ್ಡೆಯ ದಾರಿ

ಮಂಜುಗಡ್ಡೆಯನ್ನು ವ್ಯಾಪಾರದ ಸರಕಾಗಿ ಮಾಡಿದವನು ಬಾಸ್ಟನ್ ನಗರದ ಫ್ರೆಡೆರಿಕ್ ಟ್ಯೂಡರ್. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳದ ನೀರನ್ನು ಕಲ್ಲಿನ ಚಪ್ಪಡಿಗಳಂತೆ ಕೊಯ್ದು, ಬಿಸಿಲು ನಾಡುಗಳಿಗೆ ಮಾರಬಹುದೆಂದು ಅವನು ಹೊರಟಾಗ ಊರವರು ನಕ್ಕರು. 1806ರಲ್ಲಿ ಅವನ ಮೊದಲ ಹಡಗು ಕೆರಿಬಿಯನ್ ಕಡಲಿನ ಮಾರ್ಟಿನೀಕ್ ದ್ವೀಪಕ್ಕೆ ಹೋಯಿತು. ಆ ಯಾತ್ರೆಯಲ್ಲಿ ನಷ್ಟವೇ ಆಯಿತು. ಮುಂದೆ ನಥಾನಿಯಲ್ ವೈಯತ್ ಎಂಬವನು ಕುದುರೆ ಎಳೆಯುವ ಕೊಯ್ಯುವ ಸಲಕರಣೆಯನ್ನು ರೂಪಿಸಿದ ಮೇಲೆ ಗಡ್ಡೆಗಳೆಲ್ಲ ಒಂದೇ ಅಳತೆಗೆ ಬಂದು, ಹಡಗಿನ ಒಡಲಲ್ಲಿ ಸಂದಿಲ್ಲದಂತೆ ಜೋಡಿಸುವುದು ಸಾಧ್ಯವಾಯಿತು. ಸಂದು ಕಡಿಮೆಯಾದಷ್ಟೂ ಕರಗುವುದು ಕಡಿಮೆ. ಸುತ್ತಲೂ ಮರದ ಹೊಟ್ಟು ತುಂಬಿದರೆ ತಿಂಗಳುಗಟ್ಟಲೆ ಅದು ಉಳಿಯುತ್ತಿತ್ತು.

ಈ ವ್ಯಾಪಾರ ನಮ್ಮ ನೆಲವನ್ನೂ ಮುಟ್ಟಿತು. 1833ರ ಮೇ ತಿಂಗಳಿನಲ್ಲಿ ಟಸ್ಕನಿ ಎಂಬ ಹಡಗು 180 ಟನ್ ಮಂಜುಗಡ್ಡೆಯನ್ನು ಹೊತ್ತು ಬಾಸ್ಟನ್ ಬಿಟ್ಟಿತು. ನಾಲ್ಕು ತಿಂಗಳು ಕಳೆದು, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ಸೆಪ್ಟೆಂಬರಿನಲ್ಲಿ ಕಲ್ಕತ್ತೆಗೆ ಬಂದಾಗ ಅದರಲ್ಲಿ ಸುಮಾರು 100 ಟನ್ ಉಳಿದಿತ್ತು. ಬಳಿಕ ಕಲ್ಕತ್ತ, ಮುಂಬಯಿ, ಮದರಾಸು ಮೂರೂ ನಗರಗಳಲ್ಲಿ ಮಂಜುಗಡ್ಡೆಯ ಉಗ್ರಾಣಗಳು ಎದ್ದವು. ಮದರಾಸಿನ ಕಡಲಂಚಿನ ಆ ಉಗ್ರಾಣ ಇಂದಿಗೂ ನಿಂತಿದೆ. ಮಂಜುಗಡ್ಡೆಯ ವ್ಯಾಪಾರ ನಿಂತ ಮೇಲೆ ಅದು ವಕೀಲರಾದ ಬಿಳಿಗಿರಿ ಅಯ್ಯಂಗಾರರ ವಶಕ್ಕೆ ಬಂತು. 1897ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ಒಂಬತ್ತು ದಿನ ತಂಗಿದ್ದರು. ಚೆನ್ನೈಗೆ ಹೋದ ನಮ್ಮ ಸದಸ್ಯರು ಇಂದು ನೋಡಿ ಬರುವ ವಿವೇಕಾನಂದರ್ ಇಲ್ಲಂ ಎಂಬ ಸ್ಮಾರಕವೇ ಆ ಕಟ್ಟಡ. ಮದರಾಸಿನ ಅಧಿಕಾರಿಗಳು ಬೇಸಿಗೆಯ ತಂಪಿಗಾಗಿ ಒಂದೆಡೆ ಬಾಸ್ಟನ್ನಿನ ಕೊಳದ ಗಡ್ಡೆಯನ್ನು ಕೊಂಡರು, ಇನ್ನೊಂದೆಡೆ ನಮ್ಮ ಉದಕಮಂಡಲವನ್ನು ಹತ್ತಿದರು. 1870ರಿಂದ ಪ್ರೆಸಿಡೆನ್ಸಿಯ ಬೇಸಿಗೆಯ ಆಡಳಿತವೇ ಉದಕಮಂಡಲಕ್ಕೆ ಬಂತು.

ಅಮೆರಿಕದ ದಕ್ಷಿಣಕ್ಕೂ ಉತ್ತರದ ಗಡ್ಡೆಯೇ ಗತಿಯಾಗಿತ್ತು. ಫ್ಲಾರಿಡಾದ ಅಪಲಾಚಿಕೋಲ ಎಂಬ ರೇವು ಪಟ್ಟಣದಲ್ಲಿ ವೈದ್ಯನಾಗಿದ್ದ ಜಾನ್ ಗೋರಿ, ಜ್ವರಪೀಡಿತರ ಕೋಣೆಯನ್ನು ತಂಪಾಗಿಡಲು ಯಂತ್ರದಿಂದ ಮಂಜುಗಡ್ಡೆ ಮಾಡುವ ವಿಧಾನವನ್ನು ಕಂಡುಕೊಂಡು 1851ರಲ್ಲಿ ಪೇಟೆಂಟ್ ಪಡೆದ. ಹಣ ಹೂಡುವವರು ದೊರೆಯದೆ ಅವನು ಸೋತು ತೀರಿಕೊಂಡ. 1861ರಲ್ಲಿ ಅಂತರ್ಯುದ್ಧ ತೊಡಗಿದಾಗ ಉತ್ತರದ ಗಡ್ಡೆ ದಕ್ಷಿಣಕ್ಕೆ ಬರುವುದು ನಿಂತಿತು. ಆಗ ಫ್ರಾನ್ಸಿನ ಫರ್ಡಿನಾಂಡ್ ಕಾರೆ ರೂಪಿಸಿದ ಯಂತ್ರವನ್ನು ನೌಕಾ ದಿಗ್ಬಂಧನದ ಕಣ್ಣು ತಪ್ಪಿಸಿ ಜಾರ್ಜಿಯಾದ ಆಗಸ್ಟಾ ನಗರಕ್ಕೆ ತರಿಸಿಕೊಂಡರು. ಯುದ್ಧ ಮುಗಿದ ಬಳಿಕ ದಕ್ಷಿಣದ ಊರುಗಳಲ್ಲಿ ಮಂಜುಗಡ್ಡೆಯ ಕಾರ್ಖಾನೆಗಳು ಒಂದೊಂದಾಗಿ ಎದ್ದವು. ಬೆಲೆ ಇಳಿಯಿತು. ತಂಪು ಚಹಾ ಸಾಮಾನ್ಯರ ಮನೆಯ ಹೊಸಿಲು ದಾಟಿದ್ದು ಹೀಗೆ.

ಸಕ್ಕರೆಯ ದಾರಿ

ಸಕ್ಕರೆ ಎಂಬ ನಮ್ಮ ಮಾತು ಸಂಸ್ಕೃತದ ಶರ್ಕರಾ ಶಬ್ದದಿಂದ ಪ್ರಾಕೃತದ ಮೂಲಕ ಬಂದುದು. ಅದೇ ಮೂಲ ಪರ್ಷಿಯಾ, ಅರಬ್ಬೀ ನಾಡುಗಳನ್ನು ಹಾಯ್ದು ಯುರೋಪಿಗೆ ಹೋಗಿ ಇಂಗ್ಲಿಷಿನ ಶುಗರ್ ಆಯಿತು. ಶಬ್ದದೊಡನೆ ಸರಕೂ ಪಯಣಿಸಿತು. ಅಮೆರಿಕದಲ್ಲಿ ಲೂಸಿಯಾನ ಪ್ರಾಂತದ ಕಬ್ಬಿನ ರಸವನ್ನು ಹರಳುಗಟ್ಟಿಸಿ ಲಾಭ ತೋರಿದ್ದು 1795ರಲ್ಲಿ. ಅಲ್ಲಿಂದ ಅಂತರ್ಯುದ್ಧದವರೆಗೆ ಆ ತೋಟಗಳಲ್ಲಿ ಕಬ್ಬು ಕಡಿದವರು, ಕೊಪ್ಪರಿಗೆಯ ಮುಂದೆ ಬೆಂದವರು ಆಫ್ರಿಕಾ ಮೂಲದ ಗುಲಾಮರು. ಕುದಿಯುವ ರಸವನ್ನು ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ಕೈಯಿಂದ ತೋಡಿ ಹಾಕುವ ಆ ಕೆಲಸದಲ್ಲಿ ಸುಟ್ಟ ಗಾಯಗಳು ನಿತ್ಯದ ಮಾತು. ಈ ಕಷ್ಟವನ್ನು ಕಡಿಮೆ ಮಾಡಿದ ಆವಿಯ ಯಂತ್ರವನ್ನು ರೂಪಿಸಿದವನು ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ, ಆಫ್ರಿಕಾ ಮೂಲದ ರಕ್ತಸಂಬಂಧವುಳ್ಳ ನೋರ್ಬರ್ಟ್ ರಿಲ್ಯೂ. 1843 ಮತ್ತು 1846ರಲ್ಲಿ ಅವನು ಪಡೆದ ಪೇಟೆಂಟುಗಳ ತತ್ತ್ವವನ್ನೇ ಇಂದಿನ ಸಕ್ಕರೆ ಕಾರ್ಖಾನೆಗಳೂ ಅನುಸರಿಸುತ್ತವೆ. ಒಂದು ಪಾತ್ರೆಯಿಂದ ಏಳುವ ಆವಿಯ ಶಾಖದಲ್ಲಿ ಮುಂದಿನ ಪಾತ್ರೆಯ ರಸ ಕುದಿಯುತ್ತದೆ. ಸೌದೆಯೂ ಉಳಿಯಿತು, ಕೈಗಳೂ ಉಳಿದವು. ಬಿಳಿಯ ಹರಳು ಸಕ್ಕರೆ ಅಗ್ಗವಾಗಲು ಈ ಯಂತ್ರ ಒಂದು ಮುಖ್ಯ ಕಾರಣ.

ಪುಸ್ತಕಗಳಲ್ಲಿ ದೊರೆತ ಸಾಕ್ಷ್ಯ

ಚಹಾ ಹಾಕಿದ ತಂಪು ಪಾನೀಯಗಳು ಅಮೆರಿಕದ ಅಡುಗೆಯ ಪುಸ್ತಕಗಳಲ್ಲಿ 19ನೆಯ ಶತಮಾನದ ಪೂರ್ವಾರ್ಧದಲ್ಲೇ ಕಾಣುತ್ತವೆ. 1839ರಲ್ಲಿ ಬಂದ ಲೆಟಿಸ್ ಬ್ರಯನ್ ಅವರ ಕೆಂಟಕಿಯ ಗೃಹಿಣಿ ಎಂಬರ್ಥದ ಪುಸ್ತಕದಲ್ಲಿ ಚಹಾ, ಸಕ್ಕರೆ, ಕೆನೆ, ಮದ್ಯ ಬೆರೆತ ಪಾನೀಯವೊಂದಿದೆ. ಅದು ಔತಣಗಳ ಪಾನೀಯ. ಮದ್ಯವಿಲ್ಲದ, ಮನೆಯ ಊಟದ ಸಿಹಿ ತಂಪು ಚಹಾ ಅಚ್ಚಿನಲ್ಲಿ ಮೊದಲು ಸ್ಪಷ್ಟವಾಗಿ ದೊರೆಯುವುದು 1879ರಲ್ಲಿ, ಮೇರಿಯನ್ ಕ್ಯಾಬೆಲ್ ಟೈರಿ ಅವರು ಸಂಪಾದಿಸಿದ ಹಳೆಯ ವರ್ಜೀನಿಯಾದ ಮನೆವಾರ್ತೆಯ ಪುಸ್ತಕದಲ್ಲಿ. 250 ಗೃಹಿಣಿಯರಿಂದ ಕೂಡಿಸಿದ ವಿಧಾನಗಳು ಅದರಲ್ಲಿವೆ.

ಅಲ್ಲಿ ಹೇಳಿದ ಕ್ರಮದ ಸಾರಾಂಶವಿಷ್ಟು. ಹಸಿರು ಚಹಾವನ್ನು ಬೆಳಗಿನ ಉಪಾಹಾರದ ಹೊತ್ತಿಗೇ ಕುದಿನೀರಿನಲ್ಲಿ ಹಾಕಿಡಬೇಕು. ಮಧ್ಯಾಹ್ನ ಕಲಕದೆ ಸೋಸಿಡಬೇಕು. ಸಂಜೆಗೆ ಗಷ್ಟು ತಳದಲ್ಲೇ ಉಳಿಯುವಂತೆ ತಿಳಿಯನ್ನು ಬಸಿಯಬೇಕು. ಲೋಟಗಳಲ್ಲಿ ಮಂಜುಗಡ್ಡೆ ತುಂಬಿ, ಎರಡು ಚಮಚ ಹರಳು ಸಕ್ಕರೆ ಹಾಕಿ, ಮೇಲೆ ಚಹಾ ಸುರಿಯಬೇಕು. ನಿಂಬೆಯ ರಸ ಹಿಂಡಿದರೆ ಒಗರು ತಗ್ಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಎಲೆ ಹಸಿರು ಚಹಾದ್ದು; ಆಗ ಅಮೆರಿಕಕ್ಕೆ ಬರುತ್ತಿದ್ದುದು ಹೆಚ್ಚಾಗಿ ಚೀನಾ, ಜಪಾನುಗಳ ಚಹಾ. ಸಕ್ಕರೆಯನ್ನು ತಣ್ಣನೆಯ ಲೋಟಕ್ಕೆ ಹಾಕುತ್ತಿದ್ದರು. ಬಿಸಿಯಲ್ಲೇ ಕರಗಿಸುವ ಇಂದಿನ ದಕ್ಷಿಣದ ಪದ್ಧತಿ ಆ ಬರಹದಲ್ಲಿಲ್ಲ. 1884ರ ಬಾಸ್ಟನ್ ಅಡುಗೆ ಪುಸ್ತಕದಲ್ಲಿ ಮೇರಿ ಲಿಂಕನ್ ಅವರೂ ಪುಡಿಮಾಡಿದ ಮಂಜುಗಡ್ಡೆ, ನಿಂಬೆ, ಸಕ್ಕರೆಯ ಅಚ್ಚುಗಳೊಡನೆ ಇದನ್ನು ಕೊಟ್ಟಿದ್ದಾರೆ. ಅಂದರೆ ಅಷ್ಟರಲ್ಲಿ ಉತ್ತರದವರಿಗೂ ಇದು ಪರಿಚಿತವಾಗಿತ್ತು. 1890ರಲ್ಲಿ ಮಿಸ್ಸೂರಿ ರಾಜ್ಯದ ನೆವಾಡಾ ಎಂಬ ಊರಿನಲ್ಲಿ ನಡೆದ ಮಾಜಿ ಸೈನಿಕರ ಕೂಟದಲ್ಲಿ 880 ಗ್ಯಾಲನ್ ತಂಪು ಚಹಾ ಖರ್ಚಾಯಿತೆಂದು ಅಲ್ಲಿನ ಪತ್ರಿಕೆ ವರದಿ ಮಾಡಿತು. ನಮ್ಮ ಲೆಕ್ಕದಲ್ಲಿ ಅದು ಮೂರು ಸಾವಿರ ಲೀಟರಿಗೂ ಮಿಗಿಲು. ಸಾವಿರಾರು ಜನರ ಪಂಕ್ತಿಯಲ್ಲಿ ಬಡಿಸುವ ಪಾನೀಯ ಹೊಸದಾಗಿರಲಾರದು.

ಜಾತ್ರೆಯ ದಂತಕಥೆ

ಇಷ್ಟು ಸಾಕ್ಷ್ಯವಿದ್ದರೂ ತಂಪು ಚಹಾ ಹುಟ್ಟಿದ್ದು 1904ರಲ್ಲಿ ಎಂದು ಇಂದಿಗೂ ಎಷ್ಟೋ ಕಡೆ ಬರೆಯುತ್ತಾರೆ. ಆ ವರ್ಷ ಸೇಂಟ್ ಲೂಯಿಸ್ ನಗರದಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಭಾರತದ ಚಹಾದ ಪ್ರಚಾರಕ್ಕಾಗಿ ರಿಚರ್ಡ್ ಬ್ಲೆಚಿಂಡನ್ ಎಂಬ ಆಂಗ್ಲನು ಅಲ್ಲಿ ಮಳಿಗೆ ತೆರೆದಿದ್ದನು. ಸುಡು ಬಿಸಿಲಿನಲ್ಲಿ ಬಿಸಿ ಚಹಾವನ್ನು ಯಾರೂ ಮುಟ್ಟದಿರಲು ಅವನು ಅದಕ್ಕೆ ಮಂಜುಗಡ್ಡೆ ಹಾಕಿಸಿದನೆಂದೂ, ಜನ ಮುಗಿಬಿದ್ದರೆಂದೂ, ಹೊಸ ಪಾನೀಯವೊಂದು ಹುಟ್ಟಿತೆಂದೂ ಕಥೆ. ಅವನು ಅಲ್ಲಿ ಇದ್ದದ್ದು ನಿಜ. ತಂಪು ಚಹಾಕ್ಕೆ ಆ ಪ್ರದರ್ಶನದಿಂದ ಪ್ರಚಾರ ದೊರೆತದ್ದೂ ನಿಜ. ಆದರೆ 25 ವರ್ಷ ಹಿಂದೆಯೇ ಅಚ್ಚಾದ ಪಾನೀಯವನ್ನು ಅವನು ಹುಟ್ಟಿಸಿದನೆನ್ನುವುದು ಸಲ್ಲದು.

ಈ ಪ್ರಚಾರದ ಹಿಂದಿನ ಹಣದ ಮೂಲವೂ ನಮಗೆ ಸಂಬಂಧಿಸಿದ್ದೇ. 1903ರಲ್ಲಿ ಭಾರತದಿಂದ ರಫ್ತಾಗುವ ಚಹಾದ ಮೇಲೆ ಒಂದು ವಿಶೇಷ ಸುಂಕವನ್ನು ವಿಧಿಸುವ ಕಾಯಿದೆ ಬಂತು. ಹಾಗೆ ಕೂಡಿದ ಹಣವನ್ನು ಚಹಾದ ಪ್ರಚಾರಕ್ಕೆ ಬಳಸಬೇಕೆಂಬುದು ಅದರ ಉದ್ದೇಶ. ಮಾರಾಟದ ಪ್ರತಿನಿಧಿಯ ಹೆಸರು ದಂತಕಥೆಯಾಯಿತು. ಎಲೆ ಕಿತ್ತವರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ.

ಇಂಥದೇ ಇನ್ನೊಂದು ನಿದರ್ಶನ ಚಹಾದ ಚೀಲ. ಅದನ್ನು 1908ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯೊಬ್ಬ ಆಕಸ್ಮಿಕವಾಗಿ ಕಂಡುಹಿಡಿದನೆಂದು ಹೇಳುವುದು ವಾಡಿಕೆ. ವಾಸ್ತವದಲ್ಲಿ ಮಿಲ್ವಾಕಿ ನಗರದ ರೊಬರ್ಟಾ ಲಾಸನ್ ಮತ್ತು ಮೇರಿ ಮೆಕ್‌ಲಾರನ್ ಎಂಬ ಇಬ್ಬರು ಮಹಿಳೆಯರು ಒಂದು ಬಟ್ಟಲಿಗಷ್ಟೇ ಸಾಕಾಗುವ ಎಲೆಯನ್ನು ಹತ್ತಿಯ ಜಾಳಿಗೆಯಲ್ಲಿ ಹಿಡಿದಿಡುವ ಚೀಲಕ್ಕೆ 1901ರಲ್ಲಿ ಅರ್ಜಿ ಹಾಕಿ 1903ರಲ್ಲಿಯೇ ಪೇಟೆಂಟ್ ಪಡೆದಿದ್ದರು. 1879ರ ಪುಸ್ತಕದ ಬಗೆಗೂ ಇದೇ ಮಾತು ಸಲ್ಲುತ್ತದೆ. ವಿಧಾನಗಳನ್ನು ಕೊಟ್ಟವರು ಮನೆಯೊಡತಿಯರು. ಆದರೆ ವರ್ಜೀನಿಯಾದ ಸ್ಥಿತಿವಂತ ಮನೆಗಳಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದವರು ಹೆಚ್ಚಾಗಿ ಆಫ್ರಿಕಾ ಮೂಲದ ಸ್ತ್ರೀಯರು. ಅವರ ದಾಸ್ಯ ಕಾನೂನಿನಂತೆ ಕೊನೆಗೊಂಡು ಆಗ ಹದಿನಾಲ್ಕು ವರ್ಷಗಳಾಗಿದ್ದವಷ್ಟೆ. ಅಡುಗೆಮನೆಯ ಚರಿತ್ರೆಯನ್ನು ಬರೆಯುವವರು ಹೆಸರಿರುವವರನ್ನು ಹಿಡಿದು ಮುಂದೆ ಹೋಗುತ್ತಾರೆ. ಹೆಸರಿಲ್ಲದವರ ಕೈಗಳನ್ನು ನೆನೆಯುವುದು ಓದುವವರ ಪಾಲಿಗೆ ಉಳಿಯುತ್ತದೆ.

ಹಸಿರಿನಿಂದ ಕಪ್ಪಿಗೆ, ಚೀನಾದಿಂದ ಭಾರತಕ್ಕೆ

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ಮದ್ಯ ದೊರೆಯದಾದಾಗ ಊಟದ ಮೇಜಿನಲ್ಲಿ ತಂಪು ಚಹಾ ಇನ್ನಷ್ಟು ನೆಲೆಯೂರಿತು. ಮನೆಮನೆಗೆ ಶೈತ್ಯಪೆಟ್ಟಿಗೆ ಬಂದಂತೆ ಅದು ನಿತ್ಯದ ಪಾನೀಯವಾಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನು ಶತ್ರುವಾಗಿ, ಚೀನಾದ ದಾರಿಯೂ ಮುಚ್ಚಿ, ಹಸಿರು ಚಹಾ ಬರುವುದು ನಿಂತಿತು. ಆ ಸ್ಥಾನವನ್ನು ತುಂಬಿದ್ದು ಹೆಚ್ಚಾಗಿ ಭಾರತದ ಕಪ್ಪು ಚಹಾ. ಯುದ್ಧ ಮುಗಿದ ಮೇಲೂ ಅಮೆರಿಕದವರ ನಾಲಗೆ ಕಪ್ಪು ಚಹಾವನ್ನು ಬಿಡಲಿಲ್ಲ.

ಇಲ್ಲಿ ನಮ್ಮ ಬೆಟ್ಟದ ಮಾತು ಬರುತ್ತದೆ. ನೀಲಗಿರಿಗೂ ಕನ್ನಡ ನಾಡಿಗೂ ಇರುವ ಸಂಬಂಧ ಚಹಾಕ್ಕಿಂತ ಬಹಳ ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ನೀಲಾದ್ರಿಯನ್ನು ವಶಪಡಿಸಿಕೊಂಡುದನ್ನೂ ತೋದವರನ್ನು ಬೆದರಿಸಿದುದನ್ನೂ 1117ರ ಚಾಮರಾಜನಗರದ ಶಾಸನ ಹೇಳುತ್ತದೆ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ಬಂದವರೆಂದು ತಮ್ಮ ಹೆಸರಿನಲ್ಲೇ ಹೇಳಿಕೊಳ್ಳುವ ಬಡಗ ಬಂಧುಗಳ ನುಡಿ ಕನ್ನಡಕ್ಕೆ ಎಷ್ಟು ಹತ್ತಿರವೆಂಬುದು ಇಲ್ಲಿ ಬಾಳುವವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಚಹಾ ಇಲ್ಲಿಗೆ ಬಂದದ್ದು 1830ರ ದಶಕದಲ್ಲಿ. ಚೀನಾದ ಬೀಜದಿಂದ ಎದ್ದ ಕೆಲವು ಸಸಿಗಳನ್ನು ಕೇತಿಯ ಸರಕಾರಿ ಪ್ರಯೋಗ ಕ್ಷೇತ್ರದಲ್ಲಿ ನೆಟ್ಟರು. ಆರೈಕೆಯಿಲ್ಲದೆ ಸೊರಗಿದ್ದ ಆ ಗಿಡಗಳನ್ನು ಫ್ರೆಂಚ್ ಸಸ್ಯವಿಜ್ಞಾನಿ ಪೆರೊಟೆ ಗಮನಿಸಿ ಚೇತರಿಸಿದನು. 1850ರ ದಶಕದಲ್ಲಿ ಕೂನೂರಿನಲ್ಲಿ ಮ್ಯಾನ್ ಎಂಬವನು ಚೀನಾದಿಂದ ಬೀಜ ತರಿಸಿ ತೋಟ ಮಾಡಿದನು. 1859ರಲ್ಲಿ ಥಿಯಾಶೋಲಾ ತೋಟ ತೊಡಗಿತು. 1893ರಲ್ಲಿ ದಕ್ಷಿಣ ಭಾರತದ ತೋಟಗಾರರ ಒಕ್ಕೂಟವಾದ ಉಪಾಸಿ ಬೆಂಗಳೂರಿನಲ್ಲಿ ಹುಟ್ಟಿತು. ಅದರ ಕೇಂದ್ರ ಇಂದು ಕೂನೂರಿನಲ್ಲಿದೆ. ಸ್ವಾತಂತ್ರ್ಯಾನಂತರ ಆಲೂಗೆಡ್ಡೆ, ಕೋಸು ಬೆಳೆಯುತ್ತಿದ್ದ ಸಣ್ಣ ಹಿಡುವಳಿಗಳೂ ಚಹಾಕ್ಕೆ ತಿರುಗಿದವು. ಸಣ್ಣ ಬೆಳೆಗಾರರ ಸಹಕಾರಿ ಕಾರ್ಖಾನೆಗಳು ಎದ್ದು, 1965ರಲ್ಲಿ ಅವುಗಳ ಒಕ್ಕೂಟ ಇಂಡ್ಕೋಸರ್ವ್ ರೂಪುಗೊಂಡಿತು. 1963ರಲ್ಲಿ ಕೂನೂರಿನ ಹರಾಜು ಆರಂಭವಾಯಿತು. 1964ರ ಭಾರತ-ಸಿಂಹಳ ಒಪ್ಪಂದದಂತೆ ಮರಳಿ ಬಂದ ತಮಿಳು ಕಾರ್ಮಿಕರಿಗೆ ನೆಲೆ ಕೊಡಲೆಂದು 1968ರಲ್ಲಿ ಸರಕಾರಿ ತೋಟಗಳು ತೊಡಗಿದವು. ಅವೇ ಇಂದಿನ ಟ್ಯಾನ್‌ಟೀ.

ತಿಳಿಯ ಗುಣ

ತಂಪು ಚಹಾಕ್ಕೆ ನೀಲಗಿರಿಯ ಎಲೆಯನ್ನು ವಿಶೇಷವಾಗಿ ಬಯಸಲು ಒಂದು ಕಾರಣವಿದೆ. ಕಪ್ಪು ಚಹಾದ ಬಣ್ಣಕ್ಕೂ ಒಗರಿಗೂ ಮೂಲವಾದ ಥಿಯಾಫ್ಲಾವಿನ್, ಥಿಯಾರೂಬಿಜಿನ್ ಎಂಬ ದ್ರವ್ಯಗಳು ಬಿಸಿಯಲ್ಲಿ ಕರಗಿರುತ್ತವೆ. ಕಷಾಯ ಆರಿದಾಗ ಅವು ಕೆಫೀನಿನೊಡನೆ ಕೂಡಿ ಸಣ್ಣ ಕಣಗಳಾಗುತ್ತವೆ. ಆಗ ಚಹಾ ಮೋಡ ಮುಸುಕಿದಂತೆ ಮಬ್ಬಾಗುತ್ತದೆ. ಗಡಸು ನೀರಾದರೆ ಮಬ್ಬು ಇನ್ನೂ ಹೆಚ್ಚು. ಹಾಲು ಬೆರೆಸುವವರಿಗೆ ಇದು ದೋಷವಲ್ಲ. ಗಾಜಿನ ಲೋಟದಲ್ಲಿ ಮಂಜುಗಡ್ಡೆಯೊಡನೆ ಕುಡಿಯುವವರಿಗೆ ಅದು ಕಣ್ಣಿಗೆ ಒಗ್ಗದು. ನೀಲಗಿರಿಯ ಎತ್ತರದ ತೋಟಗಳ, ಆರ್ಥೊಡಾಕ್ಸ್ ವಿಧಾನದಲ್ಲಿ ಸುರುಳಿಗೊಳಿಸಿದ ಎಲೆ ತಣ್ಣಗಾದರೂ ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯುತ್ತದೆ. ಪರಿಮಳವೂ ತಂಪಿನಲ್ಲಿ ಅಡಗುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಚಳಿಯಲ್ಲಿ ಚಿಗುರು ನಿಧಾನವಾಗಿ ಬೆಳೆದು ಪರಿಮಳ ಗಟ್ಟಿಯಾಗುತ್ತದೆ. ಅದೇ ಮಂಜುಕಾಲದ ಚಹಾ. 2006ರ ನವೆಂಬರಿನಲ್ಲಿ ಅಮೆರಿಕದ ಲಾಸ್ ವೇಗಸ್ ಹರಾಜಿನಲ್ಲಿ ನೀಲಗಿರಿಯ ಚಹಾವೊಂದು ಕಿಲೋಗ್ರಾಮಿಗೆ 600 ಡಾಲರಿಗೆ ಹೋಯಿತು.

ಆ ಬೆಲೆಯನ್ನು ನಮ್ಮ ಬೆಳೆಗಾರರೆಲ್ಲರ ಭಾಗ್ಯವೆಂದು ಎಣಿಸುವಂತಿಲ್ಲ. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದಾಗ ನೀಲಗಿರಿಯ ದೊಡ್ಡ ಗಿರಾಕಿಯೇ ಕೈಬಿಟ್ಟುಹೋಯಿತು. ಆ ದಶಕದ ಕೊನೆಗೆ ಹಸಿರೆಲೆಯ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದುದನ್ನು ನಮ್ಮ ಹಿರಿಯರು ಮರೆತಿಲ್ಲ. ಇಲ್ಲಿನ ಬಹುಪಾಲು ಎಲೆ ಕಾಳುಕಾಳಾದ ಸಿಟಿಸಿ ಚಹಾವಾಗಿ, ಬೇರೆ ಬೇರೆ ಸೀಮೆಗಳ ಪುಡಿಯೊಡನೆ ಬೆರೆತು, ಊರ ಹೆಸರಿಲ್ಲದೆ ಪೊಟ್ಟಣ ಸೇರುತ್ತದೆ. ನೀಲಗಿರಿ ಆರ್ಥೊಡಾಕ್ಸ್ ಚಹಾಕ್ಕೆ ಭೌಗೋಳಿಕ ಗುರುತು ದೊರೆತಿದೆ. ಆದರೆ ಗುರುತು ಕಾಗದದಲ್ಲಿದ್ದರೆ ಸಾಲದು. ಕೊಳ್ಳುವವರ ಬಾಯಲ್ಲಿ ಆ ಹೆಸರು ನಿಲ್ಲಬೇಕು. ಮಿಲ್ವಾಕಿಯ ಇಬ್ಬರು ಮಹಿಳೆಯರಿಗೂ ವರ್ಜೀನಿಯಾದ ಅಡುಗೆಯವರಿಗೂ ಒದಗಿದ ಗತಿಯೇ ನಮ್ಮ ಎಲೆಗೂ ಒದಗದಿರಲಿ ಎಂಬುದೇ ಈ ಬರಹದ ಕಳಕಳಿ.

ಮನೆಯಲ್ಲಿ ಮಾಡುವ ಕ್ರಮ

ಸಿಹಿ ತಂಪು ಪಾನೀಯ ನಮಗೆ ಹೊರಗಿನದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಪಾನೀಯಗಳ ವಿವರವಿದೆ. 16ನೆಯ ಶತಮಾನದ ಮಂಗರಸನು ತನ್ನ ಕನ್ನಡ ಸೂಪಶಾಸ್ತ್ರದಲ್ಲಿ ಪಾನಕಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾನೆ. ರಾಮನವಮಿಯ ಬೆಲ್ಲದ ಪಾನಕ ಮಾಡಬಲ್ಲ ಕೈಗೆ ಸಿಹಿ ಚಹಾ ಕಷ್ಟವೇನಲ್ಲ. ಒಂದು ಲೀಟರಿಗೆ ನಾವು ಅನುಸರಿಸುವ ಅಳತೆ ಹೀಗಿದೆ.

ಅರ್ಧ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಒಲೆಯಿಂದ ಇಳಿಸಬೇಕು. ಅದಕ್ಕೆ 12 ಗ್ರಾಂ, ಅಂದರೆ ಆರು ಸಣ್ಣ ಚಮಚದಷ್ಟು, ನೀಲಗಿರಿಯ ಆರ್ಥೊಡಾಕ್ಸ್ ಎಲೆಯನ್ನು ಹಾಕಿ ಮುಚ್ಚಿಡಬೇಕು. ಎಲೆಯನ್ನು ನೀರಿನೊಡನೆ ಕುದಿಸಬಾರದು. ಅದು ಹಾಲಿನ ಚಹಾದ ಕ್ರಮ, ಇಲ್ಲಿ ಒಗರನ್ನಷ್ಟೇ ಹೆಚ್ಚಿಸುತ್ತದೆ. ಐದು ನಿಮಿಷಕ್ಕೆ ಸೋಸಬೇಕು. ಸೋಸುವಾಗ ಎಲೆಯನ್ನು ಹಿಂಡಬಾರದು. ಕಷಾಯ ಬಿಸಿಯಾಗಿರುವಾಗಲೇ ಸಕ್ಕರೆ ಹಾಕಿ ಪೂರ್ತಿ ಕರಗಿಸಬೇಕು. ತಣ್ಣನೆಯ ಚಹಾದಲ್ಲಿ ಸಕ್ಕರೆ ಬೇಗ ಕರಗದೆ ತಳದಲ್ಲಿ ಕುಳಿತುಬಿಡುತ್ತದೆ. ದಕ್ಷಿಣ ಅಮೆರಿಕನ್ ರಾಜ್ಯಗಳ ಗೃಹಿಣಿಯರು ತಣ್ಣನೆಯ ಲೋಟದ ಹಳೆಯ ಕ್ರಮವನ್ನು ಬಿಟ್ಟು ಬಿಸಿಯಲ್ಲಿ ಕರಗಿಸುವುದನ್ನು ಹಿಡಿದುದರ ಅನುಕೂಲ ಇದೇ. ಬಳಿಕ ಅರ್ಧ ಲೀಟರ್ ಕುದಿಸಿ ಆರಿಸಿದ ನೀರು ಬೆರೆಸಿ, ತಾನಾಗಿ ಆರಲು ಬಿಡಬೇಕು. ಬಿಸಿಯಾಗಿರುವಾಗಲೇ ಶೈತ್ಯಪೆಟ್ಟಿಗೆಗೆ ಇಟ್ಟರೆ ಮಬ್ಬು ಬರುವುದು ಹೆಚ್ಚು. ಆರಿದ ಮೇಲೆ ತಂಪಿಗಿಟ್ಟು, ಮಂಜುಗಡ್ಡೆ ತುಂಬಿದ ಲೋಟಕ್ಕೆ ಸುರಿದು, ನಿಂಬೆಯ ಹೋಳೊಂದನ್ನು ಹಿಂಡಬಹುದು. ನಿಂಬೆ ಬಿದ್ದೊಡನೆ ಬಣ್ಣ ತಿಳಿಗೊಳ್ಳುವುದನ್ನು ಮಕ್ಕಳಿಗೆ ತೋರಿಸಿದರೆ ರಸಾಯನದ ಪಾಠವೂ ಆಗುತ್ತದೆ. ಮಾಡಿದ ಚಹಾವನ್ನು ಅಂದೇ ಮುಗಿಸುವುದು ಲೇಸು. ನೀರಿಗೆ ಎಲೆ ಹಾಕಿ ಬಿಸಿಲಿನಲ್ಲಿಡುವ ಪದ್ಧತಿಯೊಂದು ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಬಿಸಿಲಿನ ಉಗುರುಬಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲದೆ ಬೆಳೆಸುವುದರಿಂದ ಅದನ್ನು ಅನುಸರಿಸಬಾರದು.

ಸಕ್ಕರೆ ಎಷ್ಟು ಎಂಬುದೇ ಮುಖ್ಯ ಪ್ರಶ್ನೆ. ಅಮೆರಿಕದ ದಕ್ಷಿಣದಲ್ಲಿ ಲೀಟರಿಗೆ 50ರಿಂದ 100 ಗ್ರಾಂ ಹಾಕುವುದುಂಟು. 100 ಗ್ರಾಮಿನ ಲೆಕ್ಕದಲ್ಲಿ ಕಾಲು ಲೀಟರಿನ ಒಂದು ಲೋಟಕ್ಕೆ 25 ಗ್ರಾಂ ಸಕ್ಕರೆ. ಹೊರಗಿನಿಂದ ಬೆರೆಸಿದ ಸಕ್ಕರೆ ವಯಸ್ಕರಿಗೆ ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಒಂದೇ ಲೋಟದಲ್ಲಿ ದಿನದ ಪಾಲು ಮುಗಿಯಿತು. ಮಧುಮೇಹ ಮನೆಮನೆಯ ಮಾತಾಗಿರುವ ನಮ್ಮ ಕಾಲದಲ್ಲಿ ಲೀಟರಿಗೆ 40 ಗ್ರಾಂ ಸಾಕು. ಲೋಟಕ್ಕೆ 10 ಗ್ರಾಂ ಬರುತ್ತದೆ. ಏಲಕ್ಕಿಯ ಎರಡು ಕಾಳನ್ನೋ ಶುಂಠಿಯ ಚೂರನ್ನೋ ಎಲೆಯೊಡನೆ ಹಾಕಿದರೆ ಸಿಹಿ ಕಡಿಮೆಯಾದುದು ನಾಲಗೆಗೆ ತಿಳಿಯದು.

ಒಂದು ಲೆಕ್ಕ

ಕೊನೆಯದಾಗಿ ಒಂದು ಲೆಕ್ಕವನ್ನು ಓದುಗರ ಮುಂದಿಡುತ್ತೇವೆ. ಒಂದು ಕಿಲೋಗ್ರಾಂ ಚಹಾ ಆಗಲು ನಾಲ್ಕರಿಂದ ನಾಲ್ಕೂವರೆ ಕಿಲೋಗ್ರಾಂ ಹಸಿರೆಲೆ ಬೇಕು. ಹಾಗಾದರೆ ಮೇಲಿನ ಅಳತೆಯ ಒಂದು ಲೀಟರ್ ತಂಪು ಚಹಾಕ್ಕೆ ಬೇಕಾದುದು ಸುಮಾರು 50 ಗ್ರಾಂ ಹಸಿರೆಲೆ. ಬೆಳೆಗಾರನು ಒಂದು ಕಿಲೋಗ್ರಾಂ ಎಲೆಗೆ ಪಡೆಯುವ ಬೆಲೆಯಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಲೀಟರ್, ಅಂದರೆ ಎಂಬತ್ತು ಲೋಟ ತಂಪು ಚಹಾ ಆಗುತ್ತದೆ. ಪೇಟೆಯ ತಿಂಡಿಮನೆಗಳಲ್ಲಿ ಒಂದು ಲೋಟ ತಂಪು ಚಹಾಕ್ಕೆ ತೆರುವ ಹಣವನ್ನೂ ಈ ಎಂಬತ್ತು ಲೋಟಗಳ ಎಲೆಗೆ ನಮ್ಮ ಹಟ್ಟಿಯ ಬೆಳೆಗಾರನಿಗೆ ದೊರೆಯುವ ಹಣವನ್ನೂ ಓದುಗರೇ ಹೋಲಿಸಿ ನೋಡಲಿ. ನಡುವಿನ ಅಂತರದಲ್ಲಿ ಕಾರ್ಖಾನೆ, ಸಾಗಣೆ, ಅಂಗಡಿಯ ಬಾಡಿಗೆ ಎಲ್ಲವೂ ಇವೆ, ನಿಜ. ಎಲೆಯ ಊರಿನ ಹೆಸರಿಗೆ ಕೂಡುವ ಬೆಲೆ ಮಾತ್ರ ಬೆಳೆಗಾರನಿಗೆ ಮರಳುತ್ತಿಲ್ಲ.

ಇದಕ್ಕೆ ದೊಡ್ಡ ಪರಿಹಾರಗಳು ಸರಕಾರದ, ಮಂಡಳಿಗಳ ಕೈಯಲ್ಲಿವೆ. ನಮ್ಮ ಕೈಯಲ್ಲಿರುವುದು ಸಣ್ಣದು, ಆದರೆ ಇಂದೇ ಮಾಡಬಹುದಾದದ್ದು. ಬಯಲುಸೀಮೆಯ ನೆಂಟರಿಗೆ ಕಳುಹಿಸುವ ಪೊಟ್ಟಣದಲ್ಲಿ ಸಹಕಾರಿ ಕಾರ್ಖಾನೆಯ ಆರ್ಥೊಡಾಕ್ಸ್ ಎಲೆಯನ್ನೂ ಇಡೋಣ. ಬೇಸಿಗೆಯಲ್ಲಿ ಮನೆಗೆ ಬಂದವರಿಗೆ ಬಣ್ಣದ ಬಾಟಲಿಯ ಬದಲು ಈ ಚಹಾವನ್ನು ಕೊಟ್ಟು, ಇದು ಯಾವ ಹಟ್ಟಿಯ ಎಲೆ, ಯಾವ ಕಾರ್ಖಾನೆಯದು ಎಂಬುದನ್ನು ಹೇಳೋಣ. ಸಾಧ್ಯವಾದರೆ ಕಿತ್ತವರ ಹೆಸರನ್ನೂ ಹೇಳೋಣ.